ಯಜಮಾನ್ರು ಒಳಗಿದಾರೆ

ಹೋದ ವಾರ ಶಾಲೆ ಬಿಡುವ ಹೊತ್ತಿಗೆ ತೀರ್ಥಹಳ್ಳಿ ಕಡೆಯವರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಬಿಳಿ ಪಂಚೆ, ಕರಿ ಕೋಟು, ಕಂಕುಳಲ್ಲಿ ಛತ್ರಿ. ಜಮೀನುದಾರರು ಅಂತ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಮಗನಿಗೋ ಅಳಿಯನಿಗೋ ಸೀಟು ಕೇಳೋಕೆ ಬಂದಿರಬೇಕು ಅಂದುಕೊಂಡು ಮುಖ ಗಂಟಿಕ್ಕಿಕೊಂಡೇ ಕೂರಿಸಿದೆ. ಅವರು ಛತ್ರಿಯ ಹಿಡಿ ಸವರುತ್ತ ಕೇಳಿದರು:

"ಈ ಸಾಗರದಲ್ಲಿ ಚೀನಾ ಹೋಟ್ಲು ಅಂತ ಒಂದು ಇತ್ತಂತೆ. ಅಲ್ಲಿದ್ದ ಹೆಂಗಸಿನ ಗುರ್ತ ಇತ್ತಾ ನಿಮಗೆ?"

"ಇತ್ತು. ಯಾಕೆ?"

"ನಮ್ಮಕ್ಕ ಅವ್ಳು. ಕಲ್ಕತ್ತದಲ್ಲಿ ತೀರ್ಕಂಡ್ಲಂತೆ. ಕಾಗದ ಬಂತು."

ಸೀಮೆಸುಣ್ಣದ ಕೈಯನ್ನು ಪಂಚೆಗೆ ಒರೆಸಿಕೊಂಡೆ, ಮತ್ತೆ ಒರೆಸಿಕೊಂಡೆ. ಆಕೆಗೆ ಐವತ್ತೂ ಆಗಿರಲಿಕ್ಕಿಲ್ಲ. ಅವರು ನೆಲ ನೋಡುತ್ತ ಕೇಳಿದರು, "ನಾವು ನೋಡ್ದೆ ಹದಿನೈದು ವರ್ಷದ ಮೇಲಾಯ್ತು. ಹೇಗಿದ್ಲು ಮೇಷ್ಟ್ರೇ ಅವ್ಳು?"

ನನಗೆ ಸಿಟ್ಟು ಬಂತು. ಸಿಟ್ಟು ನನ್ನ ಮೂಗಿನ ಮೇಲೇ ಇರುತ್ತದೆ ಅಂತ ನಮ್ಮ ಮನೆಯಲ್ಲೂ ಶಾಲೆಯಲ್ಲೂ ಎಲ್ಲರಿಗೂ ಗೊತ್ತು. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಬಸ್ಸು ಹತ್ತಿದರೆ ಅರ್ಧ ದಿನದ ದಾರಿ. ಆಕೆ ಇಲ್ಲಿದ್ದಾಗ ಒಂದು ದಿನ ಈ ಕಡೆ ತಲೆ ಹಾಕಲಿಲ್ಲ, ಈಗ ಹೇಗಿದ್ಲು ಅಂತ ಕೇಳೋಕೆ ಬಂದಿರಾ ಮಹರಾಯ್ರೇ ಅನ್ನಬೇಕು ಅಂತ ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡೆ. ಅನ್ನುವುದಕ್ಕೆ ನಾನ್ಯಾರು? "ಚೆನ್ನಾಗಿದ್ರು" ಅಂತ ಒಂದು ಮಾತು ಹೇಳಿ, ಕಾಫಿ ಕೊಡಿಸಿ, ಬಸ್ಸು ಹತ್ತಿಸಿದೆ. ಅವರಿಗೆ ಎದುರಿಗೆ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಣೆಕಟ್ಟಿನ ಕೆಲಸ ಜೋರಾಗಿದ್ದ ಕಾಲ ಅದು. ಸಾಗರದ ಪೇಟೆ ತುಂಬ ಇಂಜಿನಿಯರುಗಳು, ಕಂಟ್ರಾಕ್ಟರುಗಳು, ಯಾವ ಯಾವುದೋ ಭಾಷೆಯವರು. ಬಸ್ ಸ್ಟಾಂಡಿನ ಹಿಂದಿನ ಬೀದಿಯಲ್ಲಿ ಖಾಲಿ ಬಿದ್ದಿದ್ದ ಒಂದು ಮಳಿಗೆಗೆ ಇದ್ದಕ್ಕಿದ್ದ ಹಾಗೆ ತಿಳಿಹಸಿರು ಬಣ್ಣ ಬಂತು. ಬಾಗಿಲಿಗೆ ಕೆಂಪು ಕಾಗದದ ಬುಟ್ಟಿ ದೀಪಗಳು ಬಂದವು. ಒಳಗೆ ದುಂಡು ಮೇಜು, ಮೇಲೆ ಬಿಳಿ ಬಟ್ಟೆ, ಬೆತ್ತದ ಕುರ್ಚಿ, ಪ್ರತಿ ಮೇಜಿಗೂ ಗಾಜಿನ ಲೋಟದಲ್ಲಿ ಒಂದೊಂದು ಹೂವು. ಟ್ಯೂಬ್‌ಲೈಟ್ ಹಾಕಿದ್ದ ಹೋಟೆಲನ್ನು ನಾನು ನೋಡಿದ್ದು ಅಲ್ಲೇ ಮೊದಲು. ಚೀನೀ ಊಟದ ಹೋಟೆಲ್ ಅಂತ ಬೋರ್ಡು. ನಮ್ಮ ಪೇಟೆಗೆ ಪೇಟೆಯೇ ಬಾಯಿ ಬಿಟ್ಟುಕೊಂಡು ನಿಂತಿತು. ಕಪ್ಪೆ ಹುರೀತಾರಂತೆ, ಹಾವಿನ ಸಾರಂತೆ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಹೇಳಿದವರಲ್ಲಿ ಒಬ್ಬರೂ ಹೊಸಿಲು ದಾಟಿರಲಿಲ್ಲ.

ನಾನು ದಾಟಿದ್ದು ಬರೀ ಕುತೂಹಲಕ್ಕೆ. ಮೊಟ್ಟೆ ಮೀನು ಮುಟ್ಟುವ ಮನೆತನವಲ್ಲ ನಮ್ಮದು. ಒಂದು ಟೀ ಕುಡಿದು, ಗೋಡೆ ನೋಡಿಕೊಂಡು ಬಂದುಬಿಡೋಣ ಅಂತ ಲೆಕ್ಕ ಹಾಕಿದ್ದೆ. ಒಳಗೆ ಕಾಲಿಟ್ಟು ಕೂತರೆ ಎದುರಿನ ಕುರ್ಚಿ ಎಳೆದುಕೊಂಡು ಒಬ್ಬ ಹೆಂಗಸು ಕೂತುಬಿಡಬೇಕೆ! ಎತ್ತರದ ಆಳು, ಕೈಮಗ್ಗದ ಸೀರೆ, ಹಣೆ ತುಂಬ ಕುಂಕುಮ, ಕೊರಳಲ್ಲಿ ಕರಿಮಣಿ, ನಗುವಾಗ ಒಂದು ಹಲ್ಲು ಸ್ವಲ್ಪ ಮುಂದೆ.

"ಬಂದ್ರಾ ಮೇಷ್ಟ್ರೇ? ಮೂರು ದಿನದಿಂದ ಎದುರಿನ ಅಂಗಡಿ ಕಟ್ಟೆ ಮೇಲೆ ನಿಂತು ನೋಡ್ತಿದ್ರಲ್ಲ, ಕಾಲು ನೋವು ಬಂತೇನೋ ಅಂದ್ಕಂಡೆ."

ನನಗೆ ಅವಮಾನ ಆಗಬೇಕಿತ್ತು, ನಗು ಬಂತು. ನಮ್ಮ ಊರಿನ ಹೋಟೆಲುಗಳು ನಿಮಗೆ ಗೊತ್ತಲ್ಲ. ಮಾಣಿ ಬಂದು ನೀರಿನ ಲೋಟ ಕುಕ್ಕಿ, ಇಡ್ಲಿಯಿಂದ ಶುರುಮಾಡಿ ಒಂದೇ ಉಸಿರಿಗೆ ಒದರಿ, ನಾವು ಬಾಯಿ ತೆರೆಯುವುದರೊಳಗೆ ಮುಂದಿನ ಮೇಜಿಗೆ ಹೋಗಿರುತ್ತಾನೆ. ಕಾಫಿ ಕುಡಿದು ಎರಡು ನಿಮಿಷ ಜಾಸ್ತಿ ಕೂತರೆ ಗಲ್ಲಾದಿಂದ ಕೆಮ್ಮು ಕೇಳುತ್ತದೆ. ಇಲ್ಲಿ ಹಾಗಲ್ಲ. ಆಕೆ ಕೂತು, ಯಾವ ಊರು, ಎಷ್ಟು ಮಕ್ಕಳು, ಹೊಟ್ಟೆ ಹೇಗಿದೆ, ಖಾರ ತಡೆಯುತ್ತದೋ ಇಲ್ಲವೋ ಎಲ್ಲ ಕೇಳಿ ತಿಳಿದುಕೊಂಡ ಮೇಲೆಯೇ ಊಟದ ಮಾತು.

"ಮೊಟ್ಟೆ?"

"ಆಗಲ್ಲ."

"ಮೀನು ಕೇಳೋದೇ ಬೇಡ. ಇರಿ, ಯಜಮಾನ್ರು ಒಳಗಿದಾರೆ. ತರಕಾರಿ ಹಾಕಿ ಎಂತಾದ್ರೂ ಮಾಡ್ಸಿ ಕೊಡ್ತೀನಿ."

"ಪಾತ್ರೆ..." ಅಂತ ನಾನು ರಾಗ ಎಳೆದೆ.

"ಬೇರೆ ಬಾಣಲೆ ಉಂಟು ಮಾರಾಯ್ರೆ. ನಂಬಿಕೆ ಇಲ್ದಿದ್ರೆ ಬನ್ನಿ, ನೀವೇ ನೋಡ್ಕಳಿ."

ಹೋಟೆಲಿನ ಅಡಿಗೆಮನೆಯೊಳಗೆ ಗಿರಾಕಿಯನ್ನು ಕೈಹಿಡಿದು ಕರೆದುಕೊಂಡು ಹೋದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲೂ ಇಲ್ಲ. ಒಳಗೆ ಒಬ್ಬ ಸಣಕಲು ಮನುಷ್ಯ, ಬನಿಯನ್ನು, ಹೆಗಲ ಮೇಲೆ ಕೈ ಒರೆಸುವ ಪಂಜಿ. ಕಣ್ಣು ಮೂಗು ನೋಡಿದರೆ ಸಾಕು, ಚೀನದವನು. ಕಬ್ಬಿಣದ ದೊಡ್ಡ ಬಾಣಲೆ ಎತ್ತಿ ಕುಲುಕಿದರೆ ಬೆಂಕಿ ಮಾಡಿನವರೆಗೆ ಎದ್ದು ಬಂತು. ನಾನು ಹೌಹಾರಿ ಹಿಂದೆ ಸರಿದೆ. ಅವನು ನಕ್ಕು, ಸೌಟು ಹಿಡಿದ ಕೈಯನ್ನೇ ಜೋಡಿಸಿ ನಮಸ್ಕಾರ ಮಾಡಿದ. ಓಹೋ, ಹೋಟೆಲಿನ ಒಡೆಯ ಇವನು, ಈಕೆ ಮುಂದಿನದು ನೋಡಿಕೊಳ್ಳೋಕೆ ಸಂಬಳಕ್ಕಿದ್ದಾಳೆ ಅಂತ ನಾನು ತೀರ್ಮಾನ ಮಾಡಿಕೊಂಡೆ. ಊರೂ ಹಾಗೇ ತೀರ್ಮಾನ ಮಾಡಿಕೊಂಡಿತ್ತು. ಆಕೆ ಬೊಂಬಾಯಲ್ಲಿ ನರ್ಸ್ ಆಗಿದ್ದರಂತೆ. ಕರಿಮಣಿ ಇದೆಯಲ್ಲ, ಗಂಡ ಇನ್ನೂ ಅಲ್ಲೇ ಎಲ್ಲೋ ಇರಬೇಕು, ಕುಡುಕನೋ ಎಂಥವನೋ ಪಾಪ, ಕೇಳಿ ಯಾಕೆ ನೋಯಿಸಬೇಕು ಅಂತ ಯಾರೂ ಕೇಳಲಿಲ್ಲ. ನಮ್ಮ ದೊಡ್ಡಸ್ತಿಕೆ ನೋಡಿ!

ಆ ದಿನದ ಶ್ಯಾವಿಗೆಯ ರುಚಿ ಹೇಳಲಾರೆ. ಕೋಸು, ಬೀನ್ಸು, ಹಸಿ ಈರುಳ್ಳಿ ದಂಟು, ಹೊಗೆ ವಾಸನೆ. ಜೊತೆಗೆ ಎರಡು ಕಡ್ಡಿ. ನಾನು ಒಂದೊಂದು ಕೈಯಲ್ಲಿ ಒಂದೊಂದು ಹಿಡಿದುಕೊಂಡು ಪೆಚ್ಚುಪೆಚ್ಚಾಗಿ ಕೂತೆ.

"ನಿಮ್ಮಜ್ಜಿ ಇಕ್ಕಳದಲ್ಲಿ ಒಲೆ ಕೆಂಡ ತೆಗೀತಿರ್ಲಿಲ್ವಾ? ಹಾಗೇ ಹಿಡೀರಿ."

ಹಿಡಿದೆ. ಶ್ಯಾವಿಗೆ ಅಂಗಿಯ ಮೇಲೆ ಬಿತ್ತು. ಆಕೆ ನಗದೆ ಎದ್ದು ಹೋಗಿ, ನಗುವುದನ್ನು ಅಡಿಗೆಮನೆಯಲ್ಲಿ ಮುಗಿಸಿ, ಚಮಚ ತಂದುಕೊಟ್ಟರು.

ಅಲ್ಲಿಂದ ನಾನು ವಾರಕ್ಕೆ ನಾಲ್ಕು ಸಂಜೆ ಅಲ್ಲೇ. ಊರೆಲ್ಲ ಆಕೆಯನ್ನು ಹೋಟ್ಲಕ್ಕ ಅನ್ನುತ್ತಿತ್ತು. ಆ ಹೋಟೆಲಿನಲ್ಲಿ ಗಡಿಯಾರ ಇರಲಿಲ್ಲ. ಒಮ್ಮೆ ಕೇಳಿದೆ. "ಉಣ್ಣೋರಿಗೆ ಗಡಿಯಾರ ತೋರಿಸ್ಬಾರ್ದು ಮೇಷ್ಟ್ರೇ, ಶಾಪ ಬರತ್ತೆ" ಅಂದರು. ಒಬ್ಬ ಇಂಜಿನಿಯರು ಊಟ ತಡವಾಯಿತು ಅಂತ ಮೇಜು ಬಡಿದ. ಆಕೆ ಹೋಗಿ ಅವನ ಎದುರು ಕೂತು, ಗಲ್ಲಕ್ಕೆ ಕೈಕೊಟ್ಟು, "ನಿಮ್ಮ ಅಣೆಕಟ್ಟು ಶುರುವಾಗಿ ಎಷ್ಟು ವರ್ಷ ಆಯ್ತು? ಇನ್ನೂ ಯಾಕಾಗಿಲ್ಲ ಅಂತ ನಾ ಯಾವತ್ತಾದ್ರೂ ಕೇಳಿದ್ನಾ?" ಅಂದರು. ಅವನೇ ಮೊದಲು ನಕ್ಕ. ಮಾರನೆಯ ದಿನ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಂದ.

ಹೊಸನಗರ ಕಡೆಯ ಒಬ್ಬ ಮುದುಕರು ಕೋರ್ಟು ಕೆಲಸಕ್ಕೆ ಬಂದವರು ಬೋರ್ಡು ಓದಿ ಒಳಗೆ ಬಂದರು. ಕೂತು, ಟೋಪಿ ತೆಗೆದಿಟ್ಟು, "ಚೀನಿಕಾಯಿ ಪಲ್ಯ, ಎರಡು ಚಪಾತಿ" ಅಂದರು. ನಮ್ಮ ಕಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಅನ್ನುತ್ತಾರಲ್ಲ, ಇದು ಅದರದ್ದೇ ಹೋಟೆಲು ಅಂತ ಅವರ ಲೆಕ್ಕ. ನಾನು ಕಿಸಕ್ಕನೆ ನಕ್ಕೆ. ಆಕೆ ನನ್ನ ಕಡೆ ಒಂದು ನೋಟ ಬಿಟ್ಟರು ನೋಡಿ, ನಗು ಗಂಟಲಲ್ಲೇ ಇಂಗಿತು. "ಆಗ್ಬೋದು ಅಜ್ಜ, ಸ್ವಲ್ಪ ಹೊತ್ತು ಕೂತ್ಕಳಿ" ಅಂದು, ತಾವೇ ಸಂತೆಗೆ ಹೋಗಿ ಒಂದು ಹೋಳು ಚೀನಿಕಾಯಿ ತಂದು ಒಳಗೆ ಕೊಟ್ಟರು. ಅರ್ಧ ಗಂಟೆಗೆ ಪಲ್ಯ ಬಂತು. ಸಾಸಿವೆ ಒಗ್ಗರಣೆ, ಕಾಯಿತುರಿ, ಎಲ್ಲ ಸರಿಯಾಗಿತ್ತು. ಚೀನದವನಿಗೆ ಇದು ಎಲ್ಲಿ ಗೊತ್ತಾಯ್ತು ಅಂತ ನನಗೆ ಆಶ್ಚರ್ಯ. ಮುದುಕರು ಉಂಡು, ಊರಲ್ಲಿ ಎಲ್ಲರಿಗೂ ಹೇಳ್ತೀನಿ ಅಂತ ಹರಸಿ ಹೋದರು. ಮಾತು ತಪ್ಪಾಗಿ ತಿಳಿದುಕೊಂಡು ಬಂದ ಆ ಅಜ್ಜನನ್ನು ನೆನೆದು ನಾನು ಒಂದು ತಿಂಗಳು ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ.

ಆಮೇಲೆ ಯುದ್ಧ ಬಂತು.

ರೇಡಿಯೋ ಮುಂದೆ ಊರಿಗೆ ಊರೇ ನಿಂತಿತ್ತು. ಚೀನದವರು ಮೇಲೆ ಬಿದ್ದರು ಅನ್ನುವ ಸುದ್ದಿ ಯಾರಿಗೂ ನಂಬಲಾಗಲಿಲ್ಲ, ಆಮೇಲೆ ನಂಬದೆ ಇರಲಾಗಲಿಲ್ಲ. ಹೆಂಗಸರು ಸ್ವೆಟರ್ ಹೆಣೆದರು, ಓಲೆ ಬಿಚ್ಚಿಕೊಟ್ಟರು. ಹೋಟ್ಲಕ್ಕನೂ ಬಂದು ಎರಡು ಬಳೆ ಬಿಚ್ಚಿ ಯುದ್ಧನಿಧಿಯ ಪೆಟ್ಟಿಗೆಗೆ ಹಾಕಿ, ಯಾರ ಮುಖವನ್ನೂ ನೋಡದೆ ಹೋದರು. ಎರಡೇ ದಿನಕ್ಕೆ ಹೋಟೆಲಿನ ಟ್ಯೂಬ್‌ಲೈಟಿಗೆ ಕಲ್ಲು ಬಿತ್ತು. ಕೆಂಪು ಬುಟ್ಟಿಗಳನ್ನು ಯಾರೋ ಹರಿದು ಚರಂಡಿಗೆ ಹಾಕಿದರು. ನಮ್ಮ ಶಾಲೆಯ ಹುಡುಗರೇ ಇರಬೇಕು. ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ನಿಮಗ್ಯಾಕೆ ಅಷ್ಟು ಮುತುವರ್ಜಿ ಅಂದಾರು ಅನ್ನುವ ಹೆದರಿಕೆ. ಎಂಟು ದಿನ ಆ ಬೀದಿಯಲ್ಲೇ ನಡೆಯಲಿಲ್ಲ, ಸುತ್ತು ಹಾಕಿ ಮನೆಗೆ ಹೋದೆ. ಥೂ, ಬರೆಯುವಾಗಲೂ ನಾಚಿಕೆಯಾಗುತ್ತದೆ.

ಒಂಬತ್ತನೆಯ ದಿನ ಮಧ್ಯಾಹ್ನ, ಶಾಲೆಗೆ ರಜೆ ಇತ್ತು, ತಡೆಯಲಾಗದೆ ಹೋದೆ. ಮೇಜುಗಳೆಲ್ಲ ಖಾಲಿ. ಬಿಳಿ ಬಟ್ಟೆ ಮಾತ್ರ ಎಂದಿನ ಹಾಗೆ ಒಗೆದು ಹಾಸಿದ್ದರು, ಹೂವೂ ಇತ್ತು. ಆಕೆ ಕುರ್ಚಿ ಎಳೆದು ಕೂತರು.

"ಜ್ವರ ಬಂದಿತ್ತಾ ಮೇಷ್ಟ್ರೇ?"

ಜ್ವರ ಬಂದಿರಲಿಲ್ಲ ಅಂತ ಆಕೆಗೂ ಗೊತ್ತು. "ಹೌದು, ಸ್ವಲ್ಪ ಜ್ವರ" ಅಂದೆ.

"ಹಾಗಿದ್ರೆ ಬಿಸಿ ಸಾರು ಕುಡೀರಿ. ಯಜಮಾನ್ರು ಒಳಗಿದಾರೆ, ಹೇಳ್ತೀನಿ."

ಸಾರು ಅರ್ಧ ಕುಡಿದಿರಲಿಲ್ಲ, ಹೊರಗೆ ಜೀಪು ನಿಂತಿತು. ಪೊಲೀಸ್ ಇನ್‌ಸ್ಪೆಕ್ಟರು ಒಬ್ಬ ಪೇದೆಯ ಜೊತೆ ಒಳಗೆ ಬಂದರು. ಒಳ್ಳೆಯ ಮನುಷ್ಯ, ಅವರೂ ಅಲ್ಲಿ ಎಷ್ಟೋ ಸಲ ಉಂಡವರೇ. ಟೋಪಿ ಕಂಕುಳಲ್ಲಿಟ್ಟುಕೊಂಡು, ಯಾರ ಕಣ್ಣೂ ಸಂಧಿಸದೆ ಮಾತಾಡಿದರು.

"ಅಕ್ಕ, ಮೇಲಿಂದ ಆರ್ಡರ್ ಬಂದಿದೆ. ಚೀನದವ್ರನ್ನ ಕರ್ಕೊಂಡು ಬರಬೇಕು ಅಂತ. ಇವತ್ತು ಶಿವಮೊಗ್ಗಕ್ಕೆ, ಅಲ್ಲಿಂದ ಉತ್ತರದಲ್ಲಿ ಎಲ್ಲೋ ಕ್ಯಾಂಪಂತೆ. ಎಷ್ಟು ದಿನವೋ ನಂಗೂ ಗೊತ್ತಿಲ್ಲ. ಮನೆಮಂದಿ ಇದ್ರೆ ಜೊತೆಗೆ ಹೋಗಬೇಕಾಗತ್ತೆ, ಜಾಗಕ್ಕೆ ಬೀಗ. ಹೋಟ್ಲಿನ ಕೆಲಸದವ್ರ ತಂಟೆಗೆ ನಾವು ಬರಲ್ಲ."

ಆ ಚೀನದವನ ಜೊತೆ ಈಕೆಯನ್ನೂ ಎಳೆದುಕೊಂಡು ಹೋಗಿಬಿಟ್ಟರೆ? ಎಂಟು ದಿನದ ಹೇಡಿತನಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಹಾಗೆ ಎದ್ದು ನಿಂತೆ. ನಮ್ಮ ಊರಲ್ಲಿ ಮೇಷ್ಟ್ರ ಮಾತಿಗೆ ಬೆಲೆ ಉಂಟು. ಗಂಟಲು ಸರಿಮಾಡಿಕೊಂಡು ಹೇಳಿದೆ:

"ಸ್ವಾಮಿ, ಈಕೆಗೂ ಇದಕ್ಕೂ ಸಂಬಂಧ ಇಲ್ಲ. ಈಕೆ ಬರೀ ಸಂಬಳಕ್ಕೆ ಇರೋರು, ನಮ್ಮ ತೀರ್ಥಹಳ್ಳಿ ಕಡೆ ಹೆಣ್ಣುಮಗಳು. ಯಜಮಾನ್ರು ಒಳಗಿದಾರೆ."

ಇನ್‌ಸ್ಪೆಕ್ಟರ ಮುಖ ಅರಳಿತು. "ಹಾಗೇ ಬರ್ಕೋತೀನಿ. ನೀವು ಸಾಕ್ಷಿ ಹಾಕಿಬಿಡಿ ಮೇಷ್ಟ್ರೇ. ಅಕ್ಕ, ನೀವೇ ಹೋಟ್ಲು ನಡೆಸ್ಕಳಿ, ಯಾರೂ ಏನೂ ಅನ್ನಲ್ಲ." ಕಾಗದ ತೆಗೆದು ಪಕ್ಕದ ಮೇಜಿನ ಮೇಲೆ ಹರಡಿ ಎರಡು ಸಾಲು ಬರೆದರು. ಬಚಾವಾಯಿತು ಅಂದುಕೊಂಡೆ. ಒಂದು ಗಳಿಗೆ, ಒಂದೇ ಗಳಿಗೆ, ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಆಕೆ ನನ್ನನ್ನೇ ನೋಡುತ್ತಿದ್ದರು. ಸಿಟ್ಟಲ್ಲ. ಆಕೆಗೂ ದಿಗಿಲೇ ಆಗಿತ್ತು.

"ಎಂತ ಹೇಳಿದ್ರಿ ಮೇಷ್ಟ್ರೇ? ಯಜಮಾನ್ರು ಅಂದ್ರೆ ಎಂತ ಅಂತ ತಿಳ್ಕಂಡಿದ್ರಿ ನೀವು ಇಷ್ಟು ದಿನ?"

"ಹೋಟ್ಲು ಯಜಮಾನ್ರು... ಅಲ್ವಾ?"

"ನಿಮ್ಮ ಮನೇಲಿ ನಿಮ್ಮನ್ನ ಯಜಮಾನ್ರು ಅಂತಾರಲ್ಲ. ಯಾವ ಹೋಟ್ಲು ಇಟ್ಟಿದೀರಿ ನೀವು?"

ಸಾರಿನ ಬಟ್ಟಲು ನನ್ನ ಕೈತಾಗಿ ಮಗುಚಿತು. ಬಿಳಿ ಬಟ್ಟೆಯ ಮೇಲೆ ಹರಿಯಿತು, ಯಾರೂ ಒರೆಸಲಿಲ್ಲ. ಎರಡು ವರ್ಷ, ದಿನಾ, ಬಂದವರಿಗೆಲ್ಲ ಆಕೆ ಬಾಯಿಬಿಟ್ಟು ಹೇಳುತ್ತಲೇ ಇದ್ದರು. ನಾವು ಕೇಳಿಸಿಕೊಂಡಿರಲಿಲ್ಲ. ನಮ್ಮ ಹೆಣ್ಣುಮಗಳು ಒಬ್ಬ ಚೀನದವನನ್ನು ಕಟ್ಟಿಕೊಂಡು ನಮ್ಮೆದುರೇ ಬಾಳುತ್ತಿದ್ದಾಳೆ ಅನ್ನುವುದು ನಮ್ಮ ತಲೆಗೆ ಹತ್ತುವ ಮಾತೇ ಆಗಿರಲಿಲ್ಲ. ಆ ಕರಿಮಣಿಗೆ ಬೊಂಬಾಯಲ್ಲಿ ಒಬ್ಬ ಕುಡುಕನನ್ನು ಹುಟ್ಟಿಸಿ ಕೂರಿಸಿದ್ದೆವು.

ಇನ್‌ಸ್ಪೆಕ್ಟರು ಪೆನ್ನು ಎತ್ತಿಕೊಂಡೇ ಇದ್ದರು. ದನಿ ತಗ್ಗಿಸಿ ಹೇಳಿದರು, "ಅಕ್ಕ, ಯೋಚ್ನೆ ಮಾಡಿ. ನಾನೇನೂ ಕೇಳಿಸ್ಕಂಡಿಲ್ಲ. ಮೇಷ್ಟ್ರು ಹೇಳಿದ್ದೇ ಇರ್ಲಿ. ಸಹಿ ಹಾಕಿದ್ರೆ ಹೋಟ್ಲೂ ಉಳಿಯತ್ತೆ, ನೀವೂ ಉಳೀತೀರಿ. ಕ್ಯಾಂಪು ಹೆಂಗಸರಿರೋ ಜಾಗ ಅಲ್ಲ."

ಅಡಿಗೆಮನೆಯ ಬಾಗಿಲಿಗೆ ಆಕೆಯ ಯಜಮಾನರು ಬಂದು ನಿಂತಿದ್ದರು. ಪಂಜಿಯಲ್ಲಿ ಕೈ ಒರೆಸುತ್ತ, ಒರಟೊರಟಾದ ಆದರೆ ನಮ್ಮದೇ ಕನ್ನಡದಲ್ಲಿ ಹೇಳಿದರು, "ನೀನು ಇರು. ಇಲ್ಲೇ ಇರು."

"ನೀವು ಸುಮ್ನಿರಿ" ಅಂದರು ಆಕೆ, ತಿರುಗದೆಯೇ. ಮನೆಯಲ್ಲಿ ಹೆಂಡತಿ ಗಂಡನಿಗೆ ಅನ್ನುವ ಹಾಗೆ, ಅಷ್ಟೇ ಸಲೀಸಾಗಿ. ಆಮೇಲೆ ಇನ್‌ಸ್ಪೆಕ್ಟರಿಗೆ ಹೇಳಿದರು, "ಅವ್ರ ಕೈಯಡಿಗೆ ಉಂಡು, ಅವ್ರು ಯಾರೋ ಗೊತ್ತಿಲ್ಲ ಅಂತ ಬರೆಸಿ, ನಾನು ಗಲ್ಲಾದ ಮೇಲೆ ಕೂತ್ಕಳ್ಳಾ? ಅಷ್ಟು ಹಸಿವಿಲ್ಲ ನಂಗೆ. ಹೆಂಡತಿ ಅಂತ ಬರ್ಕಳಿ."

ಇನ್‌ಸ್ಪೆಕ್ಟರು ಬರೆದದ್ದನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದರು. ಆಕೆಯ ಹೆಸರು, ತಂದೆಯ ಹೆಸರು, ಹುಟ್ಟಿದೂರು ಬರೆದುಕೊಂಡರು. ಆಮೇಲೆ ಕೇಳಿದರು, "ಗಂಡನ ಹೆಸರು?"

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಲ್ಲಿ ಎತ್ತುವುದಿಲ್ಲ. ರೇಷನ್ ಕಾರ್ಡಿನವರು ಬಂದರೂ, ಆಸ್ಪತ್ರೆಯಲ್ಲಿ ಕೇಳಿದರೂ, ಪಕ್ಕದಲ್ಲಿದ್ದವರ ಮುಖ ನೋಡುತ್ತಾರೆ, ಗೊತ್ತಿದ್ದವರು ಹೇಳುತ್ತಾರೆ. ಆಕೆಯೂ ಹಾಗೇ ನನ್ನ ಮುಖ ನೋಡಿದರು. ಪಕ್ಕದಲ್ಲಿದ್ದವನು ನಾನೊಬ್ಬನೇ.

"ನೀವು ಹೇಳಿ ಮೇಷ್ಟ್ರೇ."

ನಾನು ಬಾಯಿ ತೆರೆದೆ. ಅವರ ಕೈಯಲ್ಲಿ ಎಷ್ಟು ಊಟ ಉಂಡಿದ್ದೆ! ಪ್ರತಿ ದಿನ ಬೆಳಿಗ್ಗೆ ಪುಸ್ತಕ ನೋಡದೆ ನಲವತ್ತು ಹೆಸರು ಕೂಗಿ ಹಾಜರಿ ಹಾಕುವವನು ನಾನು. ಈ ಒಂದು ಹೆಸರು ಯಾವತ್ತೂ ಕೇಳಿರಲಿಲ್ಲ. ಅವರು ಬಾಗಿಲಲ್ಲಿ ನಿಂತು, ನಾನು ಹೇಳುತ್ತೇನೆ ಅಂತಲೇ ಕಾದಿದ್ದರು. ಅದನ್ನು ನೋಡಲಾಗಲಿಲ್ಲ ನನಗೆ. "ನಂಗೆ... ಗೊತ್ತಿಲ್ಲ" ಅಂದೆ. ಎರಡು ಸಲ ಹೇಳಬೇಕಾಯಿತು.

ಆಕೆ ಸೆರಗು ಎಳೆದು ತಲೆ ಮೇಲೆ ಹೊದ್ದುಕೊಂಡರು. ನೆಟ್ಟಗೆ ನಿಂತು, ಗಂಡನ ಹೆಸರು ಹೇಳಿದರು. ಮೂರು ತುಣುಕಿನ ಹೆಸರು. ಇನ್‌ಸ್ಪೆಕ್ಟರಿಗೆ ಬರೆಯಲು ಬರಲಿಲ್ಲ. ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳಿದರು. ಸಾಕ್ಷಿಯ ಜಾಗಕ್ಕೆ ನಾನು ಸಹಿ ಹಾಕಿದೆ.

ಗಂಟು ಕಟ್ಟಲು ಅವರಿಬ್ಬರಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಆಕೆ ಜೀಪು ಹತ್ತಿ ಕೂತರು. ಯಜಮಾನರು ಒಲೆ ಆರಿಸಿ ಹೊರಗೆ ಬಂದು, ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು ಬೀದಿ ನೋಡಿದರು. ಎದುರಿನ ಅಂಗಡಿ ಕಟ್ಟೆಗಳಲ್ಲೆಲ್ಲ ಜನ. ಅವರು ಇಳಿದು ಜೀಪಿನ ಕಡೆ ನಡೆದರು. ನಾನು ಹಿಂದಿನಿಂದ ಅವರನ್ನು ಕೂಗಿದೆ. ಆಗಷ್ಟೇ ಕಲಿತ ಹೆಸರು, ಮೂರು ತುಣುಕೂ ಸೇರಿಸಿ, ಊರಿಗೆಲ್ಲ ಕೇಳುವ ಹಾಗೆ. ತಪ್ಪು ಕೂಗಿದೆನೋ ಸರಿ ಕೂಗಿದೆನೋ ಗೊತ್ತಿಲ್ಲ.

ಅವರು ತಿರುಗಿ ನಿಂತು, "ಓ" ಅಂದರು.